ಅಂಬಲಮುಗಳಿನ ಮೂರನೆಯ ವರದಿ

ತಿರುವನಂತಪುರದ ನಮ್ಮ ಆಫೀಸಿನ ಗೋಡೆಯ ಮೇಲೆ ಕೇರಳದ ಒಂದು ದೊಡ್ಡ ನಕ್ಷೆ ಇದೆ. ಯಾವ ತಳಿಯ ದನ, ಆಡು, ಎಮ್ಮೆ ಯಾವ ಜಿಲ್ಲೆಯಲ್ಲಿ ವಾಸವಾಗಿದೆ ಎಂದು ಬಣ್ಣ ಹಚ್ಚಿ ತೋರಿಸುವ ನಕ್ಷೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಪಶುವೈದ್ಯನಲ್ಲ, ಕಾಸರಗೋಡಿನಿಂದ ಬಂದ ಗುಮಾಸ್ತ. ದನಗಳನ್ನು ನೋಡಿದ್ದಕ್ಕಿಂತ ದನಗಳ ಬಗ್ಗೆ ಬಂದ ಕಾಗದಗಳನ್ನು ನೋಡಿದ್ದೇ ಹೆಚ್ಚು. ನಕ್ಷೆಯಲ್ಲಿ ನನ್ನ ಜಿಲ್ಲೆ ಮೇಲ್ತುದಿಯಲ್ಲಿದೆ. ಅದರ ಅರ್ಧ ಭಾಗ ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆ ಹೋಗಿದೆ. ಟ್ಯೂಬ್‌ಲೈಟನ್ನು ಅತ್ತ ಸರಿಸಬೇಕಾದರೆ ಒಂದು ಪತ್ರ ಬರೆದರೆ ಸಾಕು. ನಾನು ಬರೆದಿಲ್ಲ. ಕಾಸರಗೋಡಿನವನು ಕಾಸರಗೋಡು ಕಾಣಲಿ ಎಂದು ಆಫೀಸಿನ ಟ್ಯೂಬ್‌ಲೈಟನ್ನೇ ಕೀಳಿಸಿದ ಎಂದು ಯಾರಾದರೂ ಹೇಳಿಯಾರು.

ಈ ಅಂಜಿಕೆ ಇವತ್ತಿನದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಂಜೇಶ್ವರದ ಕಡೆಯ ಒಬ್ಬರ ಅರ್ಜಿಯನ್ನು ಬಂದ ದಿನವೇ ಮುಗಿಸಿ ಕಳಿಸಿದ್ದೆ. ಚಹಾದ ಹೊತ್ತಿಗೆ ಯಾರೋ, ಊರಿನವರಲ್ಲವೇ, ಬೇಗ ಆಗುತ್ತದೆ ಎಂದರು. ತಮಾಷೆಗೆ ಹೇಳಿದ ಮಾತು. ನಾನು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡೆ. ಅಂದಿನಿಂದ ಕಾಸರಗೋಡಿನ ಕಾಗದ ಯಾವುದೇ ಬರಲಿ, ಕಟ್ಟಿನ ತಳಕ್ಕೆ ಇಡುವುದು ನನ್ನ ಪದ್ಧತಿಯಾಯಿತು. ಎರಡು ಮೂರು ವರ್ಷಗಳಲ್ಲಿ ಊರಿನವರಿಗೆ ಇದು ಗೊತ್ತಾಗಿ, ಅವರು ನನ್ನ ಮೇಜು ದಾಟಿ ಪಕ್ಕದ ಮೇಜಿನ ಕೊಲ್ಲಂನವರ ಬಳಿಗೆ ಹೋಗತೊಡಗಿದರು. ಆ ಸಹೋದ್ಯೋಗಿ ಕೆಲಸ ಮಾಡಿಕೊಡುತ್ತಿದ್ದರು. ನಾನು ಊರಿನವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ, ಬಾಳೆಹಣ್ಣಿನ ಪಳಂಪೊರಿ ಕೊಡಿಸಿ, ಕನ್ನಡದಲ್ಲಿ ಮಾತಾಡಿಸಿ ಕಳಿಸುತ್ತಿದ್ದೆ. ಇದನ್ನು ನಾನು ಪ್ರಾಮಾಣಿಕತೆ ಎಂದೇ ತಿಳಿದಿದ್ದೆ.

ನಕ್ಷೆಯ ಆ ಮೇಲ್ತುದಿಯಲ್ಲಿ ಕಂದು ಬಣ್ಣ ಹಚ್ಚಿರುವುದು ಕಾಸರಗೋಡು ಗಿಡ್ಡ ಎಂಬ ದನದ ತಳಿಗೆ. ನಾವು ಚಿಕ್ಕವರಿದ್ದಾಗ ಅದಕ್ಕೆ ಅಂಥ ಹೆಸರೇನೂ ಇರಲಿಲ್ಲ. ಊರ ದನ ಎನ್ನುತ್ತಿದ್ದೆವು. ಅಮ್ಮನ ದನದ ಹಟ್ಟಿಯಲ್ಲಿ ನಾಲ್ಕೈದು ಇದ್ದವು. ದೊಡ್ಡವರ ಸೊಂಟದೆತ್ತರ, ಕಪ್ಪು ಇಲ್ಲವೇ ಕಂದು, ಹೊತ್ತಿಗೆ ಎರಡು ಕುಡ್ತೆ, ಅಂದರೆ ಎರಡು ಲೋಟದಷ್ಟು ಹಾಲು. ಬೆಳಿಗ್ಗೆ ಬಿಟ್ಟರೆ ಗುಡ್ಡದಲ್ಲಿ ಸಿಕ್ಕಿದ್ದನ್ನು ತಿಂದು ಸಂಜೆಗೆ ತಾವೇ ಬರುತ್ತಿದ್ದವು. ಬಿಸಿಲಿನ ಬಗ್ಗೆ ಅವು ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಿಲ್ಲ. ಅದೂ ಒಂದು ತಳಿ, ಅದಕ್ಕೂ ಒಂದು ಬಣ್ಣ ಇದೆ ಎಂದು ನನಗೆ ಗೊತ್ತಾದದ್ದು ತಿರುವನಂತಪುರಕ್ಕೆ ಬಂದ ಮೇಲೆ.

ಕೆಲವು ವರ್ಷಗಳಿಂದ ಈ ನಕ್ಷೆಗೂ ದನಗಳಿಗೂ ಹೊಂದಿಕೆ ತಪ್ಪತೊಡಗಿತು. ಸೆಕೆ ಬೇಗ ಶುರುವಾಗಿ ತಡವಾಗಿ ಮುಗಿಯುತ್ತಿತ್ತು. ಬಯಲಿನ ಜಿಲ್ಲೆಗಳಿಂದ ಬರುವ ವರದಿಗಳಲ್ಲೆಲ್ಲ ಒಂದೇ ಮಾತು: ಹೆಚ್ಚು ಹಾಲು ಕೊಡುವ ಕಪ್ಪು ಬಿಳಿ ಮಿಶ್ರತಳಿಯ ದನಗಳು ಬೆಳಿಗ್ಗೆ ಹತ್ತಕ್ಕೇ ಬಾಯಿ ತೆರೆದು ತೇಕುತ್ತವೆ, ಹಾಲು ಇಳಿದಿದೆ, ಗಬ್ಬ ನಿಲ್ಲುವುದಿಲ್ಲ. ವ್ಯಾಪಾರಿಗಳು ಅವನ್ನು ಇಡುಕ್ಕಿಯ ಬೆಟ್ಟಗಳಿಗೆ ಸಾಗಿಸುತ್ತಿದ್ದರು. ಅಲ್ಲಿಯೂ ಮೊದಲಿನ ಚಳಿ ಉಳಿದಿಲ್ಲವೆಂದು ಇನ್ನೂ ಮೇಲಕ್ಕೆ ಹತ್ತಿಸುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಕಡೆಯ ಗಿಡ್ಡ ದನಗಳು ಪಿಕಪ್ ವ್ಯಾನಿನಲ್ಲಿ ಕುಳಿತು ದಕ್ಷಿಣಕ್ಕೆ ಬರುತ್ತಿದ್ದವು. ನಮ್ಮ ನಕ್ಷೆ ತಪ್ಪಾಗುತ್ತಿದೆ ಎಂದು ನಾನು ಮೇಲಧಿಕಾರಿಯಾದ ಮೇಡಂ ಅವರಿಗೆ ಹೇಳಿದೆ. ಅವರು ನಕ್ಷೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ನಕ್ಷೆ ಸರಿಯಾಗಿಯೇ ಇದೆ, ದನಗಳು ತಪ್ಪು ಜಾಗದಲ್ಲಿವೆ ಎಂದರು. ಎ.ಸಿ. ಜೋರಾಗಿದ್ದುದರಿಂದ ಅವರು ಶಾಲು ಹೊದ್ದುಕೊಂಡಿದ್ದರು.

ತಪ್ಪು ಜಾಗದ ದನಗಳಿಗೂ ಒಂದು ನಿಯಮ ಇತ್ತು. ಒಂದು ತಳಿ ತನ್ನ ಜಿಲ್ಲೆಯ ಹೊರಗೆ ಎಲ್ಲಾದರೂ ಕಂಡರೆ, ಆ ಪ್ರದೇಶದ ಮೂರು ಬೇರೆ ಬೇರೆ ಮನೆಗಳಿಂದ ವರದಿ ಬರಬೇಕು. ಮೂರು ಬಂದರೆ ನಾನು ನಕ್ಷೆಯಲ್ಲಿ ಒಂದು ಚುಕ್ಕೆ ಇಡುತ್ತೇನೆ, ಮೇಡಂ ರುಜು ಹಾಕುತ್ತಾರೆ. ಚುಕ್ಕೆ ಬಿದ್ದ ಮೇಲೆ ಅಲ್ಲಿಯ ಪಶು ಆಸ್ಪತ್ರೆಗೆ ಆ ತಳಿಯ ಹೋರಿಯ ವೀರ್ಯ ತುಂಬಿದ ಕಡ್ಡಿಗಳು ಹೋಗುತ್ತವೆ. ಈಗ ಹೋರಿ ಸಾಕುವವರಿಲ್ಲ. ದನ ಬೆದೆಗೆ ಬಂದ ದಿನ ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರು ಸ್ಕೂಟರಿನಲ್ಲಿ ಬಂದು, ತಣ್ಣನೆಯ ಡಬ್ಬಿಯಿಂದ ಒಂದು ಕಡ್ಡಿ ತೆಗೆದು ಇಂಜೆಕ್ಷನ್ ಹಾಕಿ ಹೋಗುತ್ತಾರೆ. ಚುಕ್ಕೆ ಇಲ್ಲದ ಊರಿನ ಡಬ್ಬಿಯಲ್ಲಿ ದೊಡ್ಡ ಜಾತಿಯ ಕಡ್ಡಿಗಳು ಮಾತ್ರ ಇರುತ್ತವೆ.

ನನ್ನ ಅಕ್ಕ ಇರುವುದು ಕೊಚ್ಚಿಯ ಹತ್ತಿರ ಅಂಬಲಮುಗಳಿನಲ್ಲಿ. ಭಾವ ಅಲ್ಲಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೀವಮಾನವೆಲ್ಲ ಮಾಪಕಗಳ ಮುಳ್ಳು ನೋಡಿದ ಅಭ್ಯಾಸಕ್ಕೆ ಹಟ್ಟಿಯಲ್ಲೂ ಒಂದು ಥರ್ಮಾಮೀಟರ್ ತೂಗುಹಾಕಿ, ದಿನದ ಸೆಕೆಯನ್ನು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುತ್ತಿದ್ದರು. ಅಕ್ಕನ ಹತ್ತಿರ ಮೊದಲು ಇದ್ದದ್ದು ಒಂದು ಕಪ್ಪು ಬಿಳಿ ದನ. ಅದಕ್ಕೆ ಫ್ಯಾನು, ಮೈಮೇಲೆ ಒದ್ದೆ ಗೋಣಿ, ಮಧ್ಯಾಹ್ನ ಎರಡು ಸಲ ಸ್ನಾನ. ಕರೆಂಟು ಹೋದರೆ ಇನ್ವರ್ಟರಿನಲ್ಲಿ ಓಡುತ್ತಿದ್ದುದು ಹಟ್ಟಿಯ ಫ್ಯಾನು. ಭಾವ ಬೀಸಣಿಗೆ ಹಿಡಿದು ಹೊರಗೆ ಕೂರುತ್ತಿದ್ದರು. ಇಷ್ಟಾದರೂ ಎರಡು ಬೇಸಿಗೆ ಅದಕ್ಕೆ ಗಬ್ಬ ನಿಲ್ಲಲಿಲ್ಲ. ಕೊನೆಗೆ ಅದೂ ಲಾರಿ ಹತ್ತಿ ಬೆಟ್ಟಕ್ಕೆ ಹೋಯಿತು. ಅಕ್ಕ ಸುಮಾರು ದಿನ ವ್ಯಾಪಾರಿಗೆ ಫೋನು ಮಾಡಿ ಅದರ ಆರೋಗ್ಯ ವಿಚಾರಿಸುತ್ತಿದ್ದಳು. ಆ ಮನುಷ್ಯನೂ ಒಳ್ಳೆಯವನು, ಯಾವ ದನವೆಂದು ನೆನಪಿಲ್ಲದಿದ್ದರೂ ಚೆನ್ನಾಗಿದೆ ಎನ್ನುತ್ತಿದ್ದ.

ಆಮೇಲೆ ಅಕ್ಕ ಊರಿನಿಂದ ಗಿಡ್ಡ ದನ ತಂದಳು. ಅಮ್ಮ ತೀರಿಕೊಂಡು ಹಟ್ಟಿ ಖಾಲಿ ಮಾಡುವಾಗ ನೆರೆಮನೆಯವರು ಒಂದು ಹೆಣ್ಣು ಕರುವನ್ನು ಒಯ್ದಿದ್ದರು. ಅದರ ಮಗಳು ಇದು, ಇನ್ನೂ ಕರು ಹಾಕದ ಕಡಸು. ನೆರೆಯವರೂ ದನ ಸಾಕುವುದನ್ನು ಬಿಡುತ್ತಿದ್ದರು. ಅಮ್ಮನ ಹಟ್ಟಿಯದೆಂದು ಹೇಳಬಹುದಾದ ದನ ಭೂಮಿಯ ಮೇಲೆ ಇದೊಂದೇ ಉಳಿದಿತ್ತು. ನೋಡಿಕೊಂಡು ಬರುತ್ತೇನೆಂದು ಹೋದ ಅಕ್ಕ ಅದನ್ನು ಕರೆದುಕೊಂಡೇ ಬಂದಳು. ಅಂಬಲಮುಗಳಿನ ಪಕ್ಕದ ಮನೆಯವರು ಬೇಲಿಯ ಬಳಿ ನಿಂತು ನೋಡಿ, ಚೇಚ್ಚಿ, ಇದರ ತಾಯಿ ಯಾವಾಗ ಬರುತ್ತದೆ ಎಂದು ಕೇಳಿದರಂತೆ.

ಆ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಎರ್ನಾಕುಲಂನಲ್ಲಿ ಟ್ರೇನು ಇಳಿದು ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ನನ್ನ ಅಂಗಿ ಹಿಂಡುವ ಹಾಗೆ ಆಗಿತ್ತು. ಕಡಸು ಮಟಮಟ ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ನಿಂತು ಹಲಸಿನ ಎಲೆ ಅಗಿಯುತ್ತಿತ್ತು. ಹಟ್ಟಿಯ ಫ್ಯಾನನ್ನು ಬಿಚ್ಚಿ ಭಾವನ ಕೋಣೆಗೆ ಹಾಕಿದ್ದರು. ಅಕ್ಕ ಬಕೆಟಿನಲ್ಲಿ ಅಕ್ಕಿ ತೊಳೆದ ಅಕ್ಕಚ್ಚು ತಂದಿಟ್ಟು, ಅದು ಕುಡಿಯುವುದನ್ನೇ ನೋಡುತ್ತ ನಿಂತಳು.

'ಒಂದು ಹೆಣ್ಣು ಕರು ಆದ್ರೆ ಸಾಕು ನಂಗೆ. ಇದರದ್ದೇ ಜಾತಿದ್ದು. ಅಮ್ಮನ ಹಟ್ಟಿ ಮುಗಿಲಿಲ್ಲ ಹೇಳಿ ಆಗ್ತದೆ' ಎಂದಳು.

ಅಕ್ಕ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಆಸ್ತಿ ಪಾಲಾಗುವಾಗಲೂ ಅವಳು ಬಾಯಿ ತೆರೆಯಲಿಲ್ಲ. ಹಾಗಾಗಿ ಈ ಮಾತು ನನಗೆ ಚೆನ್ನಾಗಿ ನೆನಪಿದೆ.

ಆ ವರ್ಷವೇ ಅಂಬಲಮುಗಳಿನ ಸುತ್ತ ಇನ್ನೆರಡು ಮನೆಯವರು, ಅಕ್ಕನ ದನ ಬಿಸಿಲಿಗೆ ಜಗ್ಗದೆ ನಿಂತದ್ದನ್ನು ಕಂಡು, ಒಂದೊಂದು ಗಿಡ್ಡ ಕರು ತರಿಸಿದರು. ಇನ್‌ಸ್ಪೆಕ್ಟರು ಆ ಎರಡರ ವರದಿ ಕಳಿಸಿದರು. ನಾನು ಎರಡನ್ನೂ ಫೈಲಿಗೆ ಸೇರಿಸಿದೆ. ವಾರ ಕಳೆದು ಮೂರನೆಯದು ಬಂತು. ಮಾಲೀಕರ ಹೆಸರು ಬರೆಯುವ ಜಾಗದಲ್ಲಿ ಅಕ್ಕನ ಹೆಸರು ಇತ್ತು.

ಮೂರು ಆದಂತಾಯಿತು. ಚುಕ್ಕೆ ಇಡಬೇಕು. ಪೆನ್ನು ಕೈಯಲ್ಲೇ ಇತ್ತು. ಕಾಸರಗೋಡಿನ ದನ, ಕಾಸರಗೋಡಿನ ಹೆಂಗಸು, ಅವಳು ಗುಮಾಸ್ತನ ಒಡಹುಟ್ಟಿದವಳು. ಕ್ಯಾಂಟೀನಿನಲ್ಲಿ ಇದನ್ನು ಯಾರು ಯಾರಿಗೆ ಹೇಗೆ ಹೇಳುತ್ತಾರೆ ಎಂಬುದೆಲ್ಲ ನನ್ನ ಕಣ್ಣಿಗೆ ಕಟ್ಟಿತು. ಈ ಕಾಗದವನ್ನು ಕಟ್ಟಿನ ತಳಕ್ಕೆ ಇಟ್ಟರೆ ಸಾಲದು ಎನ್ನಿಸಿ ಮಡಚಿ ಮೇಜಿನ ಡ್ರಾಯರಿನಲ್ಲಿ ಹಾಕಿದೆ. ಇನ್‌ಸ್ಪೆಕ್ಟರಿಗೆ, ಪರಿಶೀಲನೆಯಲ್ಲಿದೆ ಎಂದು ಉತ್ತರ ಬರೆದೆ. ಅದರಲ್ಲಿ ಪರಿಶೀಲಿಸುವಂಥದ್ದು ಏನೂ ಇರಲಿಲ್ಲ.

ಕಡಸು ಬೆದೆಗೆ ಬಂದ ದಿನ ಅಕ್ಕ ಫೋನು ಮಾಡಿದಳು. ಇನ್‌ಸ್ಪೆಕ್ಟರ ಡಬ್ಬಿಯಲ್ಲಿ ನಮ್ಮ ತಳಿಯ ಕಡ್ಡಿ ಇಲ್ಲ, ತಿರುವನಂತಪುರದಿಂದ ಬರಬೇಕಂತೆ, ನಿನ್ನ ಆಫೀಸಿನಲ್ಲೇ ನಿಂತಿದೆಯಂತೆ ಎಂದಳು. ನಾನು ನಿಯಮವನ್ನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

'ಮೂರು ಆಯ್ತಲ್ಲ ಮಾರಾಯ. ಇನ್ನೆಂತ ಬೇಕು?'

'ಮೂರನೇದು ನಿನ್ನದಲ್ವಾ. ನನ್ನ ಅಕ್ಕ ಹೇಳಿ ಗೊತ್ತಾದ್ರೆ ಆಫೀಸಲ್ಲಿ ಜನ ಎಂತ ಹೇಳ್ಲಿಕ್ಕಿಲ್ಲ? ಇನ್ನೊಂದು ಮನೆಯಿಂದ ಬರ್ಲಿ, ಅದೇ ದಿನ ಹಾಕ್ತೇನೆ.'

'ದನಕ್ಕೆ ನಿನ್ನ ಆಫೀಸಿನ ಜನ ಗೊತ್ತುಂಟಾ?' ಎಂದಳು ಅಕ್ಕ.

ಇನ್ನೊಂದು ಮನೆಯಿಂದ ವರದಿ ಬರಲಿಲ್ಲ. ದನ ಬೆದೆಗೆ ಬರುವುದು ಮೂರು ವಾರಕ್ಕೊಮ್ಮೆ. ಅಕ್ಕ ಮೊದಲ ಸಲ ಬಿಟ್ಟಳು, ಎರಡನೆಯ ಸಲವೂ ಬಿಟ್ಟಳು. ಊರಿಗೇ ಕರೆದುಕೊಂಡು ಹೋಗಿ ಬರೋಣವೆಂದರೆ, ಬೆದೆ ಇರುವುದು ಒಂದೇ ದಿನ, ವ್ಯಾನಿನಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ಅದು ಇಳಿದಿರುತ್ತದೆ. ಮೂರನೆಯ ಸಲ ಅವಳು ಹಟ್ಟಿಯಿಂದಲೇ ಫೋನು ಮಾಡಿದಳು. ಇನ್‌ಸ್ಪೆಕ್ಟರು ಪಕ್ಕದಲ್ಲಿ ನಿಂತಿದ್ದರು. ಇಷ್ಟು ಸಣ್ಣ ಕಡಸಿಗೆ ದೊಡ್ಡ ಜಾತಿಯ ಕಡ್ಡಿ ಹಾಕಲು ಅವರಿಗೆ ಧೈರ್ಯ ಇರಲಿಲ್ಲ. ಹೀಗೇ ಬಿಟ್ಟರೆ ಮುಂದೆ ಗಬ್ಬ ನಿಲ್ಲುವುದೇ ಕಷ್ಟವಾದೀತು ಎಂದು ಅಕ್ಕನಿಗೆ ಹೆದರಿಕೆ. ಇದ್ದದ್ದರಲ್ಲಿ ಸಣ್ಣದೆಂದರೆ ಜೆರ್ಸಿಯದು. ಹಾಕಿಸಲೋ ಬೇಡವೋ ಎಂದು ಅವಳು ನನ್ನನ್ನು ಕೇಳಿದಳು.

'ಹಾಕ್ಸು. ಜೆರ್ಸಿ ಸಣ್ಣ ಜಾತಿಯೇ ಅಲ್ವಾ, ಎಂತ ಆಗುದಿಲ್ಲ' ಎಂದೆ.

ಜೆರ್ಸಿ ಸಣ್ಣದು ಎಂದು ನಾನು ಹೇಳಿದ್ದು ಯಾವುದೋ ಫೈಲಿನಲ್ಲಿ ಓದಿದ ನೆನಪಿನಿಂದ. ಅಲ್ಲಿ ಹೋಲಿಸಿದ್ದು ಅದಕ್ಕಿಂತ ದೊಡ್ಡ ವಿದೇಶಿ ದನದ ಜೊತೆಗೆ, ನಮ್ಮ ಊರ ದನದ ಜೊತೆಗಲ್ಲ. ನನಗೆ ಫೋನು ಇಡುವ ಆತುರ ಇತ್ತು. ಡ್ರಾಯರಿನಲ್ಲಿರುವ ಕಾಗದದ ವಿಷಯ ಮತ್ತೆ ಬಾರದೆ ಇದು ಮುಗಿದರೆ ಸಾಕು ಎನ್ನಿಸಿತ್ತು.

ಒಂದೇ ಸಲದ ಇಂಜೆಕ್ಷನ್ನಿಗೆ ಗಬ್ಬ ನಿಂತಿತು. ನಾನು ನಿರಾಳವಾದೆ. ನಿರಾಳವಾದದ್ದಷ್ಟೇ ಅಲ್ಲ, ಕ್ಯಾಂಟೀನಿನಲ್ಲಿ ಕೂತು ಈ ಕತೆಯನ್ನು ಕೊಲ್ಲಂನವರಿಗೆ ಹೇಳಿಯೂ ಹೇಳಿದೆ: ಸ್ವಂತ ಅಕ್ಕನಾದರೂ ನಾನು ನಿಯಮ ಬಿಡಲಿಲ್ಲ ಎಂದು. ಅವರು ಚಹಾ ಮುಗಿಸಿ, ಸಾರೇ, ನಿಯಮದಲ್ಲಿರುವುದು ಮೂರು ಮನೆ ಎಂದು ತಾನೆ, ಮೂರನೆಯ ಮನೆ ನಿಮ್ಮ ಅಕ್ಕನದಾಗಿರಬಾರದು ಎಂದು ಎಲ್ಲಿ ಬರೆದಿದೆ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಎರಡು ದಿನ ಅವರ ಜೊತೆ ಚಹಾಕ್ಕೆ ಹೋಗಲಿಲ್ಲ. ಮೂರನೆಯ ದಿನ ಹೋದೆ, ಆದರೆ ದನದ ಮಾತು ತೆಗೆಯಲಿಲ್ಲ.

ಕರು ಹಾಕುವ ದಿನ ಭಾವ ಬೆಳಿಗ್ಗೆ ಫೋನು ಮಾಡಿದರು. ಬಾ ಎಂದಷ್ಟೇ ಹೇಳಿದರು. ಭಾವ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಸಿಕ್ಕಿದ ಟ್ರೇನಿನಲ್ಲಿ ಹೋದೆ. ನಾನು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಅಂಗಳದಲ್ಲಿ ಪಶುವೈದ್ಯೆ ಮೊಣಕೈಯವರೆಗೆ ರಕ್ತವಾದ ಕೈಯನ್ನು ನಲ್ಲಿಯ ಕೆಳಗೆ ತೊಳೆಯುತ್ತಿದ್ದರು. ಹಗ್ಗ ಹಾಕಿ ಮೂರು ಜನ ಎಳೆದು ಕರುವನ್ನು ಹೊರಗೆ ತೆಗೆದಿದ್ದರು. ಕರು ಬದುಕಿತ್ತು. ಗಂಡು. ಉದ್ದ ಕಾಲಿನ, ಜಿಂಕೆ ಬಣ್ಣದ, ತಾಯಿಯ ಹೊಟ್ಟೆಯಲ್ಲಿ ಇದು ಹೇಗೆ ಹಿಡಿಸಿತ್ತು ಎಂದು ಕೇಳುವಷ್ಟು ದೊಡ್ಡದು. ಎದ್ದು ನಿಲ್ಲಲು ನೋಡಿ ಬೀಳುತ್ತಿತ್ತು.

ತಾಯಿ ಗೋಣಿಯ ಮೇಲೆ ಮಲಗಿತ್ತು. ಹಿಂಗಾಲುಗಳು ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದವು. ಸೊಂಟ ಹೋಗಿದೆ, ಒಳಗೆ ರಕ್ತ ಹರಿಯುತ್ತಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಪಶುವೈದ್ಯೆ ಮಲಯಾಳದಲ್ಲಿ ಹೇಳಿದರು. ಅಕ್ಕ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಯಾರೋ ಕರುವನ್ನು ಎತ್ತಿ ಅದರ ಮುಂದೆ ತಂದಿಟ್ಟರು. ಅದು ಕರುವಿನ ಕಿವಿಯನ್ನು ಎರಡು ಸಲ ನೆಕ್ಕಿತು. ಅಷ್ಟಕ್ಕೇ ಅದಕ್ಕೆ ಆಯಾಸವಾಯಿತು.

ಪಶುವೈದ್ಯೆ ಚಿಕ್ಕ ವಯಸ್ಸಿನವರು. ಅವರ ಧ್ವನಿಯಲ್ಲಿ ಸಿಟ್ಟಿತ್ತು. ಇಷ್ಟು ಸಣ್ಣ ದನಕ್ಕೆ ಜೆರ್ಸಿ ಹಾಕಿಸಿ ಎಂದು ಹೇಳಿದವರು ಯಾರು ಎಂದು ಕೇಳಿದರು. ಇನ್‌ಸ್ಪೆಕ್ಟರು ನೆಲ ನೋಡಿದರು. ನಾನು ಬಾಗಿಲ ಹತ್ತಿರ, ಕೈಚೀಲವನ್ನೂ ಕೆಳಗಿಡದೆ ನಿಂತಿದ್ದೆ.

'ನಾನೇ ಹೇಳಿದ್ದು' ಎಂದಳು ಅಕ್ಕ.

ಅದನ್ನು ಅವಳು ಮಲಯಾಳದಲ್ಲಿ, ತಲೆ ಎತ್ತದೆ ಹೇಳಿದಳು. ಅಲ್ಲ, ಹೇಳಿದವನು ನಾನು ಎನ್ನಲು ನನಗೆ ಎರಡು ಮಾತು ಸಾಕಿತ್ತು. ನಾನು ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ. ನಾಲ್ಕು ಗಂಟೆಯ ಸುಮಾರಿಗೆ ದನ ಸತ್ತಿತು. ಭಾವ ಮತ್ತು ಪಕ್ಕದ ಮನೆಯವರು ಸೇರಿ ಹಿತ್ತಲಲ್ಲಿ ಗುಂಡಿ ತೋಡಿದರು. ಸಣ್ಣ ದನವಾದ್ದರಿಂದ ಗುಂಡಿ ಬೇಗ ಆಯಿತು. ನನಗೆ ಅಳು ಬಂತು. ಅಕ್ಕ ಅಳುತ್ತಿರಲಿಲ್ಲವಾದ್ದರಿಂದ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಸೋಮವಾರ ಆಫೀಸಿಗೆ ಹೋದವನು ಮೊದಲು ಡ್ರಾಯರ್ ತೆರೆದೆ. ಮಡಿಕೆ ಬಿಡಿಸಿ ಆ ಕಾಗದವನ್ನು ಫೈಲಿಗೆ ಸೇರಿಸಿದೆ. ವರದಿ ಬರೆದ ದಿನ ದನ ಬದುಕಿತ್ತು, ಆದ್ದರಿಂದ ನಿಯಮದ ಪ್ರಕಾರ ಅದು ಸರಿಯಾದ ವರದಿಯೇ. ಅಂಬಲಮುಗಳಿನ ಮೇಲೆ ಕಂದು ಚುಕ್ಕೆ ಇಟ್ಟು ಮೇಡಂ ಹತ್ತಿರ ಹೋದೆ. ಏನು ಕೇಳಿದರೆ ಏನು ಹೇಳಬೇಕೆಂದು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಅಕ್ಕನ ಹೆಸರಿನ ಹಿಂದೆ ಇದ್ದದ್ದು ನನ್ನ ಹೆಸರಿನ ಹಿಂದೆ ಇರುವ ಮನೆತನದ ಹೆಸರೇ. ತಿರುವನಂತಪುರದಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರು ಅದು. ಮೇಡಂ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ನಿಲ್ಲಿಸದೆ, ಮೂರು ಇದೆಯಾ ಎಂದು ಬೆರಳಿನಲ್ಲೇ ಕೇಳಿದರು. ಇದೆ ಎಂದೆ. ಹಾಳೆ ತಿರುವದೆ ರುಜು ಹಾಕಿ ಫೈಲನ್ನು ನನ್ನ ಕಡೆ ತಳ್ಳಿದರು. ಕ್ಯಾಂಟೀನಿನಲ್ಲಿ ಯಾರೂ ಏನೂ ಹೇಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ.

ಮಳೆ ಹಿಡಿಯುವ ಹೊತ್ತಿಗೆ ಅಂಬಲಮುಗಳಿಗೆ ಕಾಸರಗೋಡು ಗಿಡ್ಡದ ಕಡ್ಡಿಗಳು ಹೋದವು. ಪಕ್ಕದ ಎರಡು ಮನೆಯವರ ಕರುಗಳು ಅಷ್ಟರಲ್ಲಿ ಬೆಳೆದು ಕಡಸುಗಳಾಗಿದ್ದವು. ಅವರಿಗೆ ಖುಷಿಯಾಯಿತೆಂದು ಇನ್‌ಸ್ಪೆಕ್ಟರು ಬರೆದರು. ಈ ಸುದ್ದಿಯನ್ನು ಅಕ್ಕನಿಗೆ ನಾನೇ ಹೇಳಬೇಕು ಎನ್ನಿಸಿತು. ಯಾಕೆ ಹಾಗೆ ಎನ್ನಿಸಿತೋ ಈಗ ನನಗೆ ಅರ್ಥವಾಗುವುದಿಲ್ಲ. ಸಂಜೆ ಮನೆಗೆ ಬಂದು ಫೋನು ಮಾಡಿದೆ. ಆ ಕಡೆಯ ಕುಶಲ ಈ ಕಡೆಯ ಕುಶಲ ಮುಗಿದ ಮೇಲೆ, ಅಕ್ಕಾ, ನಮ್ಮ ದನದ ಕಡ್ಡಿ ನಿಮ್ಮ ಆಸ್ಪತ್ರೆಗೆ ಬಂದಿದೆ, ಇನ್ನು ಮುಂದೆ ಯಾವಾಗ ಬೇಕಾದರೂ ಸಿಗುತ್ತದೆ ಎಂದೆ.

'ಯಾವ ದನಕ್ಕೆ?' ಎಂದಳು ಅಕ್ಕ.

ಕೋಪದಿಂದ ಕೇಳಿದ್ದಲ್ಲ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವ ಹಾಗೆ ಕೇಳಿದಳು. ಆಮೇಲೆ, ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಹೊತ್ತಾಯಿತು ಎಂದು ಹೇಳಿ ಫೋನು ಇಟ್ಟಳು.